ಐಎಲ್‌ಎಸ್ ಅಪ್ರೋಚ್‌ನಲ್ಲಿ ಆಟೊಪೈಲಟ್ ತಪ್ಪುಗಳು: ಹೇಗೆ ಆಗುತ್ತವೆ, ಹಂತ ಹಂತವಾಗಿ ಹೇಗೆ ತಡೆಯಬೇಕು

1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಇಂಡಿಯನ್ ಏರ್‌ಲೈನ್ಸ್ 605, ರನ್‌ವೇ ಸೇರುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. ವಿಮಾನದಲ್ಲಿದ್ದ 146 ಜನರಲ್ಲಿ 92 ಮಂದಿ ಸತ್ತರು. 2009ರ ಫೆಬ್ರವರಿ 25ರಂದು ಆಮ್‌ಸ್ಟರ್‌ಡ್ಯಾಂನ ಸ್ಕಿಪೋಲ್‌ನಲ್ಲಿ ಟರ್ಕಿಶ್ ಏರ್‌ಲೈನ್ಸ್ 1951 ಹೊಲಕ್ಕೆ ಬಿದ್ದು ಒಂಬತ್ತು ಜನ ಸತ್ತರು. 2013ರ ಜುಲೈ 6ರಂದು ಏಷ್ಯಾನಾ 214 ಸ್ಯಾನ್ ಫ್ರಾನ್ಸಿಸ್ಕೊ ರನ್‌ವೇಗೆ ಮುಂಚಿನ ಸಮುದ್ರದ ತಡೆಗೋಡೆಗೆ ಬಡಿಯಿತು; ಮೂವರು ಸತ್ತರು. ಮೊದಲನೆಯದು ಏರ್‌ಬಸ್ ಎ320, ಎರಡನೆಯದು ಬೋಯಿಂಗ್ 737-800, ಮೂರನೆಯದು ಬೋಯಿಂಗ್ 777. ಮೂರೂ ಕಡೆ ಎಂಜಿನ್ ಕೆಟ್ಟಿರಲಿಲ್ಲ, ಇಂಧನ ಮುಗಿದಿರಲಿಲ್ಲ. ಎಂಜಿನ್‌ಗಳು ಐಡಲ್‌ನಲ್ಲಿ (ಕನಿಷ್ಠ ಬಲದಲ್ಲಿ) ಕೂತಿದ್ದವು, ವೇಗ ಇಳಿಯುತ್ತಲೇ ಇತ್ತು. ಆಟೊಥ್ರಾಟಲ್ (ಎಂಜಿನ್ ಬಲವನ್ನು ತಾನೇ ಹೊಂದಿಸುವ ವ್ಯವಸ್ಥೆ, ಏರ್‌ಬಸ್‌ನಲ್ಲಿ ಆಟೊಥ್ರಸ್ಟ್) ವೇಗ ಕಾಯುತ್ತಿದೆ ಎಂದು ಕಾಕ್‌ಪಿಟ್‌ನಲ್ಲಿದ್ದವರು ನೆಚ್ಚಿಕೊಂಡಿದ್ದರು.

ಈ ಮಾರ್ಗದರ್ಶಿ ಇನ್‌ಸ್ಟ್ರುಮೆಂಟ್ ರೇಟಿಂಗ್ ಮುಗಿಸಿ ಜೆಟ್ ವಿಮಾನದ ಟೈಪ್ ರೇಟಿಂಗ್‌ಗೆ ಓದುತ್ತಿರುವವರಿಗೆ, ಸಿಮ್ಯುಲೇಟರನ್ನು ಗಂಭೀರವಾಗಿ ಹಾರಿಸುವವರಿಗೆ. ಐಎಲ್‌ಎಸ್ ಎಂದರೆ ರನ್‌ವೇಗೆ ಇಳಿಯಲು ದಾರಿ ತೋರಿಸುವ ರೇಡಿಯೊ ವ್ಯವಸ್ಥೆ: ಅದರ ಲೋಕಲೈಜರ್ ರನ್‌ವೇಯ ನೇರವನ್ನು, ಗ್ಲೈಡ್ ಸ್ಲೋಪ್ ಇಳಿಯುವ ಇಳಿಜಾರನ್ನು ತೋರಿಸುತ್ತದೆ. ಉದಾಹರಣೆಗಳು ಹೆಚ್ಚಾಗಿ ಎ320 ಮತ್ತು 737ರವು. ನಿಮ್ಮ ಕಂಪನಿಯ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯದೇ ಮಾತು.

ವೇಗ ಯಾರ ಕೈಯಲ್ಲಿದೆ?

ಇಳಿಯುವಾಗ ವೇಗವನ್ನು ಹಿಡಿಯುವುದು ಎರಡರಲ್ಲಿ ಒಂದು: ಎಂಜಿನ್ ಅಥವಾ ವಿಮಾನದ ಮೂತಿ. ಎ320ಯಲ್ಲಿ ‘ಓಪನ್ ಡಿಸೆಂಟ್’ ಹಾಕಿದರೆ ಎಂಜಿನ್ ಐಡಲ್‌ಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಮೂತಿ ಮೇಲೆ ಕೆಳಗೆ ಆಗಿ ವೇಗ ಕಾಯುತ್ತದೆ. 737ರ ‘ಲೆವೆಲ್ ಚೇಂಜ್’, 777ರ ‘ಫ್ಲೈಟ್ ಲೆವೆಲ್ ಚೇಂಜ್’ ಇದೇ ಜಾತಿ. ‘ವರ್ಟಿಕಲ್ ಸ್ಪೀಡ್’ ಅಥವಾ ‘ಗ್ಲೈಡ್ ಸ್ಲೋಪ್’ ಮೋಡ್‌ನಲ್ಲಿ ಇದು ತಿರುವುಮುರುವು. ಮೂತಿ ದಾರಿ ಹಿಡಿಯುತ್ತದೆ, ವೇಗದ ಹೊಣೆ ಎಂಜಿನ್‌ಗೆ ಬರುತ್ತದೆ.

ಎರಡೂ ಸರಿಯಾದ ಜೋಡಿಗಳೇ. ಅಪಾಯ ಹುಟ್ಟುವುದು ಜೋಡಿ ಮುರಿದಾಗ: ಮೂತಿ ದಾರಿ ಹಿಡಿದಿದೆ, ಎಂಜಿನ್ ಮಾತ್ರ ಐಡಲ್ ಬಿಟ್ಟು ಬರುತ್ತಿಲ್ಲ. ಆಗ ವೇಗಕ್ಕೆ ದಿಕ್ಕಿಲ್ಲ. ಗ್ಲೈಡ್ ಸ್ಲೋಪ್ ಬಿಡದಿರಲು ಆಟೊಪೈಲಟ್ ಮೂತಿಯನ್ನು ಎತ್ತುತ್ತಲೇ ಹೋಗುತ್ತದೆ. ಸೂಜಿಗಳೆಲ್ಲ ನಡುಮಧ್ಯದಲ್ಲೇ ಇರುವುದರಿಂದ ಅಪ್ರೋಚ್ ನೋಡಲು ಚೆಂದವಾಗಿಯೇ ಇರುತ್ತದೆ. ವೇಗದ ಪಟ್ಟಿ ಮಾತ್ರ ಇಳಿಯುತ್ತಿರುತ್ತದೆ.

ಯಾವ ಜೋಡಿ ನಡೆಯುತ್ತಿದೆ ಎಂದು ಹೇಳುವ ಜಾಗ ಒಂದೇ: ಪ್ರೈಮರಿ ಡಿಸ್‌ಪ್ಲೇಯ ಮೇಲ್ತುದಿಯಲ್ಲಿರುವ ಎಫ್‌ಎಂಎ (ನಡೆಯುತ್ತಿರುವ ಮೋಡ್‌ಗಳನ್ನು ತೋರಿಸುವ ಸಾಲು). ಎಫ್‌ಸಿಯುವಿನಲ್ಲಿ (ಆಟೊಪೈಲಟ್‌ಗೆ ಆದೇಶ ಕೊಡುವ ಫಲಕ) ಗುಂಡಿ ಒತ್ತುವುದು ನೀವು ಇಟ್ಟ ಬೇಡಿಕೆ. ವಿಮಾನ ಒಪ್ಪಿಕೊಂಡದ್ದು ಏನು ಎಂಬುದು ಎಫ್‌ಎಂಎಯಲ್ಲಿ ಬರುತ್ತದೆ. ಎ320ಯಲ್ಲಿ ಐದು ಕಾಲಂ: ಎಡದಿಂದ ಥ್ರಸ್ಟ್, ಲಂಬ ದಾರಿ, ಅಡ್ಡ ದಾರಿ, ಅಪ್ರೋಚ್ ಸಾಮರ್ಥ್ಯ, ಕೊನೆಗೆ ಆಟೊಪೈಲಟ್-ಫ್ಲೈಟ್ ಡೈರೆಕ್ಟರ್-ಆಟೊಥ್ರಸ್ಟ್ ಸ್ಥಿತಿ. ನೀಲಿ ಅಕ್ಷರ ಎಂದರೆ ಮೋಡ್ ಕಾಯುತ್ತಿದೆ, ಹಸಿರು ಎಂದರೆ ಕೆಲಸ ಮಾಡುತ್ತಿದೆ. ಹೊಸ ಮೋಡ್ ಬಂದಾಗ ಸುತ್ತ ಹತ್ತು ಸೆಕೆಂಡ್ ಬಿಳಿ ಚೌಕ ಇರುತ್ತದೆ. 737ರಲ್ಲಿ ಹಸಿರು ಚೌಕ, ಅದೂ ಹತ್ತೇ ಸೆಕೆಂಡ್. ಆ ಹೊತ್ತಿನಲ್ಲಿ ನೀವು ರೇಡಿಯೊದಲ್ಲಿ ಮಾತಾಡುತ್ತಿದ್ದರೆ ಬದಲಾವಣೆ ಕಣ್ಣಿಗೆ ಬೀಳದೆ ಹೋಗುತ್ತದೆ. ಅದಕ್ಕೇ ಪ್ರತಿ ಬದಲಾವಣೆಯನ್ನೂ ಬಾಯಿಬಿಟ್ಟು ಓದುವ ಪದ್ಧತಿ ಇದೆ. ಮನಸ್ಸಿನಲ್ಲಿ ಓದಿಕೊಂಡರೆ ಸಾಲದು, ಪಕ್ಕದವರ ಕಿವಿಗೂ ಬೀಳಬೇಕು.

ಇಳಿಯಲು ಶುರು ಮಾಡುವ ಮುನ್ನ

1. ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ಓದಿ, ಗ್ಲೈಡ್ ಸ್ಲೋಪ್ ಚಾಲ್ತಿಯಲ್ಲಿದೆಯೇ ನೋಡಿ. 1997ರ ಆಗಸ್ಟ್ 6ರಂದು ಗುವಾಮ್‌ನಲ್ಲಿ ಕೊರಿಯನ್ ಏರ್ 801 ಗುಡ್ಡಕ್ಕೆ ಬಡಿದು 228 ಜನ ಸತ್ತಾಗ, ಅಲ್ಲಿನ ಗ್ಲೈಡ್ ಸ್ಲೋಪ್ ಸೇವೆಯಲ್ಲಿರಲಿಲ್ಲ. ಕಾಕ್‌ಪಿಟ್‌ನಲ್ಲಿ ಮಾತ್ರ ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬ ಚರ್ಚೆ ನಡೆದಿತ್ತು.

2. ಟೆಕ್ ಲಾಗ್‌ನಲ್ಲಿ ರೇಡಿಯೊ ಆಲ್ಟಿಮೀಟರ್ (ನೆಲದಿಂದ ಎತ್ತರವನ್ನು ರೇಡಿಯೊ ಅಲೆಯಿಂದ ಅಳೆಯುವ ಸಾಧನ) ದೂರು ಇದೆಯೇ ಹುಡುಕಿ. ಇದ್ದರೆ ಯಾವ ಕಡೆಯದು, ಆ ಕಡೆಯಿಂದ ಯಾವ ವ್ಯವಸ್ಥೆಗೆ ಮಾಹಿತಿ ಹೋಗುತ್ತದೆ ಎಂದು ಇಬ್ಬರೂ ಮಾತಾಡಿಕೊಳ್ಳಿ. ಸ್ಕಿಪೋಲ್‌ನಲ್ಲಿ ಬಿದ್ದ ವಿಮಾನದಲ್ಲಿ ಈ ದೋಷ ಮುಂಚಿನ ಹಾರಾಟಗಳಲ್ಲೂ ಕಂಡಿತ್ತು.

3. ಎಫ್‌ಎಂಎಸ್‌ನಲ್ಲಿ (ಹಾರಾಟದ ದಾರಿ ಇಡುವ ಕಂಪ್ಯೂಟರ್) ರನ್‌ವೇ, ಐಎಲ್‌ಎಸ್ ಆವರ್ತನ, ಕೋರ್ಸ್ ಮೂರನ್ನೂ ಚಾರ್ಟ್ ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. ಲೋಕಲೈಜರ್ 108.10ರಿಂದ 111.95 ಮೆಗಾಹರ್ಟ್ಸ್ ನಡುವೆ ಇರುತ್ತದೆ. ಅದಕ್ಕೆ ಜೋಡಿಯಾದ ಗ್ಲೈಡ್ ಸ್ಲೋಪ್ ಆವರ್ತನವನ್ನು ರಿಸೀವರ್ ತಾನೇ ಹಿಡಿಯುತ್ತದೆ. ಸಮಾನಾಂತರ ರನ್‌ವೇ ಇರುವ ಕಡೆ ಎಡ-ಬಲ ಅದಲುಬದಲಾಗುವುದು ಸುಲಭ, ಹಾಗಾಗಿ ಗುರುತಿನ ಅಕ್ಷರಗಳನ್ನು ಚಾರ್ಟ್‌ಗೆ ತಾಳೆ ನೋಡದೆ ಬಿಡಬೇಡಿ.

4. ಹಾದುಹೋದ ಬಿಂದುಗಳನ್ನು ಎಫ್‌ಎಂಎಸ್‌ನಿಂದ ತೆಗೆಯಿರಿ, ಡಿಸ್ಕಂಟಿನ್ಯುಟಿ (ದಾರಿ ಕಡಿದ ಜಾಗ) ಇದ್ದರೆ ಮುಚ್ಚಿ. ರೇಡಾರ್ ವೆಕ್ಟರ್ ಸಿಕ್ಕಾಗ ಇದು ಮರೆತುಹೋಗುವ ಕೆಲಸ. 2013ರ ಆಗಸ್ಟ್ 14ರಂದು ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಯುಪಿಎಸ್ 1354 ಸರಕು ವಿಮಾನದ ಪೈಲಟ್‌ಗಳು ಲೋಕಲೈಜರ್ ಅಪ್ರೋಚ್‌ಗೆ ಬಂದಾಗ ಕಂಪ್ಯೂಟರ್‌ನಲ್ಲಿ ಹಳೆಯ ದಾರಿ ಹಾಗೇ ಉಳಿದಿತ್ತು. ಅದರಿಂದ ಲಂಬ ಪ್ರೊಫೈಲ್ ಮೋಡ್ ಹಿಡಿಯಲೇ ಇಲ್ಲ. ಕ್ಯಾಪ್ಟನ್ ವರ್ಟಿಕಲ್ ಸ್ಪೀಡ್‌ಗೆ ಬದಲಾಯಿಸಿ ನಿಮಿಷಕ್ಕೆ 1,500 ಅಡಿಯಂತೆ ಇಳಿಸಿದರು; ಕನಿಷ್ಠ ಎತ್ತರದಲ್ಲಿ ತಡೆಯುವುದು ಏನೂ ಇರಲಿಲ್ಲ. ಇಬ್ಬರೂ ಸತ್ತರು.

5. ಕ್ಯೂಎನ್‌ಎಚ್ (ಆಲ್ಟಿಮೀಟರ್‌ಗೆ ಹಾಕುವ ಸ್ಥಳೀಯ ಗಾಳಿಯೊತ್ತಡ) ಅನ್ನು ಇಬ್ಬರೂ ಬೇರೆಬೇರೆಯಾಗಿ ಕೇಳಿ, ಬೇರೆಬೇರೆಯಾಗಿ ಹಾಕಿ, ಆಮೇಲೆ ಹೋಲಿಸಿ. ಗ್ಲೈಡ್ ಸ್ಲೋಪ್ ನೆಲದಿಂದ ಬರುವ ರೇಡಿಯೊ ಕಿರಣ, ಕ್ಯೂಎನ್‌ಎಚ್ ತಪ್ಪಿದರೂ ಅದು ಅಲುಗುವುದಿಲ್ಲ. ಆದರೆ ಕ್ಯಾಟ್-1ರಲ್ಲಿ (ಐಎಲ್‌ಎಸ್‌ನ ಸಾಮಾನ್ಯ ದರ್ಜೆ) ನೀವು ನಿರ್ಧಾರ ತೆಗೆದುಕೊಳ್ಳುವ ಎತ್ತರ ಬ್ಯಾರೊಮೀಟರಿನದು. ಒಂದು ಹೆಕ್ಟೊಪಾಸ್ಕಲ್ ಎಂದರೆ ಸುಮಾರು 28 ಅಡಿ. 1001ರ ಬದಲು 1011 ಹಾಕಿದರೆ ಆಲ್ಟಿಮೀಟರ್ 280 ಅಡಿ ಹೆಚ್ಚು ತೋರಿಸುತ್ತದೆ. ಕ್ಯಾಟ್-1ರ ಕನಿಷ್ಠ ಎತ್ತರ ನೆಲದಿಂದ 200 ಅಡಿ. ಅಂದರೆ ‘ಮಿನಿಮಮ್’ ಎಂಬ ಕೂಗು ಬರುವ ಮೊದಲೇ ಚಕ್ರ ನೆಲ ಮುಟ್ಟಿರುತ್ತದೆ. ಈ ತಪ್ಪು ಸಿಕ್ಕಿಬೀಳುವ ಜಾಗ ಮುಂದೆ ಬರುತ್ತದೆ.

ಬ್ರೀಫಿಂಗ್‌ನಲ್ಲಿ ಹವಾಮಾನ, ಟ್ಯಾಕ್ಸಿ ದಾರಿ ಎಲ್ಲ ಹೇಳುತ್ತೀರಿ. ಅದರ ಜೊತೆ ಮೋಡ್‌ಗಳ ಬಗ್ಗೆಯೂ ಎರಡು ವಾಕ್ಯ ಸೇರಿಸಿ: “ಗ್ಲೈಡ್ ಸ್ಲೋಪ್ ಹಿಡಿದ ಮೇಲೆ ಥ್ರಸ್ಟ್ ಕಾಲಂನಲ್ಲಿ ‘ಸ್ಪೀಡ್’ ಇರಬೇಕು. ಬೇರೆ ಏನು ಕಂಡರೂ ನನಗೆ ಹೇಳಿ.” ಪಕ್ಕದಲ್ಲಿ ಕೂತವರು ಹೊಸಬರಾದರೆ ಈ ಮಾತು ಅವರಿಗೆ ಬಾಯಿಬಿಡುವ ಧೈರ್ಯ ಕೊಡುತ್ತದೆ.

ಕಿರಣ ಹಿಡಿಯುವುದು

ಲೋಕಲೈಜರ್ ಮತ್ತು ಗ್ಲೈಡ್ ಸ್ಲೋಪ್ ಎರಡೂ 90 ಮತ್ತು 150 ಹರ್ಟ್ಸ್‌ನ ಎರಡು ಸ್ವರಗಳನ್ನು ಹೋಲಿಸಿ ನಡುದಾರಿ ತೋರಿಸುತ್ತವೆ. ಲೋಕಲೈಜರ್ ರನ್‌ವೇಯ ನೇರದಿಂದ ಎರಡೂ ಬದಿಗೆ 10 ಡಿಗ್ರಿಯೊಳಗೆ 25 ನಾಟಿಕಲ್ ಮೈಲಿವರೆಗೆ, 35 ಡಿಗ್ರಿಯೊಳಗಾದರೆ 17 ಮೈಲಿವರೆಗೆ ನಂಬಿಕೆಗೆ ಅರ್ಹ. ಗ್ಲೈಡ್ ಸ್ಲೋಪ್ ಅನ್ನು ನಂಬಬಹುದಾದದ್ದು 10 ಮೈಲಿವರೆಗೆ, ಬದಿಗೆ 8 ಡಿಗ್ರಿಯೊಳಗೆ ಮಾತ್ರ. ಈ ವ್ಯಾಪ್ತಿಯ ಆಚೆ ಸೂಜಿ ಅಲುಗಿದರೂ ಆಟೊಪೈಲಟ್‌ಗೆ ಒಪ್ಪಿಸಬೇಡಿ.

ಕ್ರಮ ಹೀಗಿರಲಿ. ಸುಮಾರು 30 ಡಿಗ್ರಿ ಕೋನದಲ್ಲಿ ಲೋಕಲೈಜರ್ ಕಡೆ ಬನ್ನಿ. ಅಪ್ರೋಚ್‌ಗೆ ಅನುಮತಿ ಸಿಕ್ಕ ಮೇಲೆ, ಗ್ಲೈಡ್ ಸ್ಲೋಪ್‌ನ ಕೆಳಗೆ ಇದ್ದೀರೆಂದು ಖಚಿತವಾದ ಮೇಲೆ ಅಪ್ರೋಚ್ ಗುಂಡಿ ಒತ್ತಿ. ಎಫ್‌ಎಂಎಯಲ್ಲಿ ‘ಲೋಕಲೈಜರ್’, ‘ಗ್ಲೈಡ್ ಸ್ಲೋಪ್’ ಎರಡೂ ನೀಲಿಯಾಗಿ ಬರಬೇಕು. ಒಂದೇ ಬಂದಿದ್ದರೆ ನೀವು ಅಪ್ರೋಚ್ ಬದಲು ಲೋಕಲೈಜರ್ ಗುಂಡಿ ಒತ್ತಿದ್ದೀರಿ. ಆಗ ವಿಮಾನ ರನ್‌ವೇಯ ನೇರಕ್ಕೆ ತಿರುಗುತ್ತದೆ, ಇಳಿಯುವುದಿಲ್ಲ. ನೀವು ಗಮನಿಸುವಷ್ಟರಲ್ಲಿ ಗ್ಲೈಡ್ ಸ್ಲೋಪ್ ಕೆಳಗೆ ಉಳಿದಿರುತ್ತದೆ. ಈ ಸಣ್ಣ ತಪ್ಪೇ ಮುಂದಿನ ದೊಡ್ಡ ತಪ್ಪುಗಳ ತಾಯಿ. ಎರಡೂ ಹಸಿರಾದ ಮೇಲೆ ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಏರುವುದು) ಎತ್ತರವನ್ನು ಎಫ್‌ಸಿಯುವಿನಲ್ಲಿ ಹಾಕಿ.

ಹಿಡಿದ ಕಿರಣ ನಿಜವಾದದ್ದೇ ಎಂದು ತಿಳಿಯುವುದು ಹೇಗೆ? ಲೆಕ್ಕದಿಂದ. 3 ಡಿಗ್ರಿ ದಾರಿ ಪ್ರತಿ ನಾಟಿಕಲ್ ಮೈಲಿಗೆ ಸುಮಾರು 320 ಅಡಿ ಇಳಿಯುತ್ತದೆ. ದೂರವನ್ನು 320ರಿಂದ ಗುಣಿಸಿ, ರನ್‌ವೇ ತುದಿಯನ್ನು ದಾಟುವ ಎತ್ತರ 50 ಅಡಿ ಕೂಡಿಸಿ, ನಿಲ್ದಾಣದ ಎತ್ತರ ಸೇರಿಸಿ. ಈ ಕೊನೆಯದನ್ನು ಮಂಗಳೂರಿನಲ್ಲೋ ಚೆನ್ನೈನಲ್ಲೋ ಕಲಿತವರು ಮರೆಯುವುದುಂಟು. ಕೆಂಪೇಗೌಡ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಅಲ್ಲಿ 10 ಮೈಲಿ ದೂರದಲ್ಲಿ ಆಲ್ಟಿಮೀಟರ್ ಸುಮಾರು 6,250, 5 ಮೈಲಿಯಲ್ಲಿ 4,650, 3 ಮೈಲಿಯಲ್ಲಿ 4,000 ಅಡಿ ತೋರಿಸಬೇಕು. ಎತ್ತರದ ಊರಾದ್ದರಿಂದ ಅದೇ ಸೂಚಿತ ವೇಗಕ್ಕೆ ನಿಜವೇಗ ಹೆಚ್ಚಿರುತ್ತದೆ, ಇಳಿವಿನ ದರವೂ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ದರದ ಲೆಕ್ಕ ಇನ್ನೂ ಸುಲಭ: ನೆಲದ ವೇಗವನ್ನು ಅರ್ಧ ಮಾಡಿ ಕೊನೆಗೊಂದು ಸೊನ್ನೆ ಹಾಕಿ. 140 ನಾಟ್‌ಗೆ ನಿಮಿಷಕ್ಕೆ 700 ಅಡಿ. ಕರಾರುವಾಕ್ಕಾಗಿ ಹೇಳಿದರೆ 740ರ ಹತ್ತಿರ.

ಈ ಲೆಕ್ಕ ಎರಡು ತಪ್ಪುಗಳನ್ನು ಹಿಡಿಯುತ್ತದೆ. ಒಂದು, ಕ್ಯೂಎನ್‌ಎಚ್. ಚಾರ್ಟ್‌ನಲ್ಲಿ ಗ್ಲೈಡ್ ಸ್ಲೋಪ್ ದಾಟುವ ಎತ್ತರ ಬರೆದಿರುತ್ತದೆ; ಸೂಜಿ ನಡುವಿದ್ದೂ ಆ ಬಿಂದುವಿನಲ್ಲಿ ಆಲ್ಟಿಮೀಟರ್ 280 ಅಡಿ ಹೆಚ್ಚು ತೋರಿಸಿದರೆ ಕ್ಯೂಎನ್‌ಎಚ್ ಮೇಲೆ ಮೊದಲು ಅನುಮಾನಪಡಿ. ಎರಡು, ಸುಳ್ಳು ಗ್ಲೈಡ್ ಸ್ಲೋಪ್. ಆಂಟೆನಾದಿಂದ 3 ಡಿಗ್ರಿಯ ಕಿರಣವೊಂದೇ ಹೊರಡುವುದಿಲ್ಲ, 9 ಡಿಗ್ರಿಯ ಆಸುಪಾಸಿನಲ್ಲೂ ನಡುದಾರಿಯಂತೆ ಕಾಣುವ ಸಂಕೇತ ಇರುತ್ತದೆ. ಆಂಟೆನಾದ ಬಗೆಗೆ ತಕ್ಕಂತೆ 6 ಡಿಗ್ರಿಯ ಹತ್ತಿರವೇ ಸಂಕೇತ ತಿರುಗಿಬೀಳಬಹುದು. ತಿರುಗಿಬಿದ್ದರೆ ‘ಕೆಳಗೆ ಹೋಗು’ ಎನ್ನಬೇಕಾದ ಕಡೆ ಸೂಜಿ ‘ಮೇಲೆ ಹೋಗು’ ಎನ್ನುತ್ತದೆ. 2013ರಲ್ಲಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಮೇಲಿನಿಂದ ಬಂದ 737-800 ಒಂದರ ಆಟೊಪೈಲಟ್ ಇದನ್ನೇ ನಂಬಿ ಮೂತಿಯನ್ನು ಥಟ್ಟನೆ ಎತ್ತಿತು, ವೇಗ ಕುಸಿದು ಸ್ಟಿಕ್ ಶೇಕರ್ (ವೇಗ ಅಪಾಯದ ಮಟ್ಟಕ್ಕೆ ಇಳಿದಾಗ ಯೋಕ್ ನಡುಗಿಸುವ ಎಚ್ಚರಿಕೆ) ನಡುಗಿತು. ಗೋ-ಅರೌಂಡ್ ಮಾಡಿ ಪಾರಾದರು. 5 ಮೈಲಿಯಲ್ಲಿ ನೀವು ನೆಲದಿಂದ 4,500 ಅಡಿ ಮೇಲಿದ್ದು ಗ್ಲೈಡ್ ಸ್ಲೋಪ್ ಹಸಿರಾದರೆ, ಅದು ನಿಮ್ಮ ಕಿರಣ ಅಲ್ಲವೇ ಅಲ್ಲ.

ಮೇಲಿನಿಂದ ಹಿಡಿಯಬೇಕಾಗಿ ಬಂದರೆ

ಇದು ಎಲ್ಲಕ್ಕಿಂತ ಹುಷಾರಾಗಿರಬೇಕಾದ ಜಾಗ. ಕಂಟ್ರೋಲರ್ ತಡವಾಗಿ ಇಳಿಸಿದರೋ, ಬಾಲದ ಗಾಳಿ ಜಾಸ್ತಿಯಿತ್ತೋ, ನೀವು ಗ್ಲೈಡ್ ಸ್ಲೋಪ್‌ನ ಮೇಲಿದ್ದೀರಿ. ಎ320ಯಲ್ಲಿ ಮಾಡಬೇಕಾದದ್ದು:

ಮೊದಲು ಲೋಕಲೈಜರ್ ಹಸಿರಾಗಿರಲಿ. ಚಕ್ರ ಕೆಳಗೆ, ಫ್ಲ್ಯಾಪ್ 2 ಆಗಲಿ. ಅಪ್ರೋಚ್ ಗುಂಡಿ ಒತ್ತಿ ಗ್ಲೈಡ್ ಸ್ಲೋಪ್ ನೀಲಿ ಇದೆಯೆಂದು ನೋಡಿ. ಎಫ್‌ಸಿಯುವಿನ ಎತ್ತರವನ್ನು ವಿಮಾನ ಈಗಿರುವುದಕ್ಕಿಂತ ಮೇಲೆ ಹಾಕಿ. ಕೆಳಗೆ ಬಿಟ್ಟರೆ ಗ್ಲೈಡ್ ಸ್ಲೋಪ್ ಸಿಗುವ ಮೊದಲೇ ವಿಮಾನ ಆ ಎತ್ತರ ಹಿಡಿದು ನೇರವಾಗಿಬಿಡಬಹುದು. ಆಮೇಲೆ ವರ್ಟಿಕಲ್ ಸ್ಪೀಡ್ ಎಳೆದು ಮೈನಸ್ 1,500 ಹಾಕಿ. 2,000 ದಾಟಬೇಡಿ, ವೇಗ ಫ್ಲ್ಯಾಪ್ ಮಿತಿಯ ಕಡೆ ಓಡುತ್ತದೆ. ಗ್ಲೈಡ್ ಸ್ಲೋಪ್ ಹಿಡಿದೊಡನೆ ಗೋ-ಅರೌಂಡ್ ಎತ್ತರ ಹಾಕಿ.

ಇಲ್ಲಿ ಮೂರು ಅಪಾಯಗಳಿವೆ. ಎಫ್‌ಸಿಯು ಎತ್ತರ ಮೇಲಿದ್ದು ನೀವು ಕೆಳಗಿಳಿಯುತ್ತಿದ್ದರೆ ವಿಮಾನಕ್ಕೆ ತಳವೇ ಇಲ್ಲ, ಗ್ಲೈಡ್ ಸ್ಲೋಪ್ ಹಿಡಿಯದಿದ್ದರೆ ಅದೇ ದರದಲ್ಲಿ ನೆಲದವರೆಗೂ ಹೋಗುತ್ತದೆ. ಹಾಗಾಗಿ ಇಬ್ಬರಲ್ಲಿ ಒಬ್ಬರ ಕಣ್ಣು ಎತ್ತರದ ಮೇಲೇ ಇರಬೇಕು. ಎರಡನೆಯದು, ಎತ್ತರ ಮೇಲಿರುವಾಗ ಮರೆತು ಎತ್ತರದ ಗುಂಡಿಯನ್ನು ಎಳೆದರೆ ‘ಓಪನ್ ಕ್ಲೈಂಬ್’ ಬರುತ್ತದೆ, ಎಂಜಿನ್ ಗರ್ಜಿಸಿ ವಿಮಾನ ಏರಲು ಹೊರಡುತ್ತದೆ. ಏಷ್ಯಾನಾ 214ರಲ್ಲಿ ನಡೆದದ್ದು ಇದರ ಸೋದರ: ಗೋ-ಅರೌಂಡ್‌ಗೆಂದು 3,000 ಅಡಿ ಹಾಕಿದ್ದಾಗ ಸುಮಾರು 1,600 ಅಡಿಯಲ್ಲಿ ಫ್ಲೈಟ್ ಲೆವೆಲ್ ಚೇಂಜ್ ಒತ್ತಲಾಯಿತು. ವಿಮಾನ ಏರಲು ತೊಡಗಿತು. ಪೈಲಟ್ ಆಟೊಪೈಲಟ್ ಬಿಡಿಸಿ ಥ್ರಾಟಲ್‌ಗಳನ್ನು ಐಡಲ್‌ಗೆ ಎಳೆದರು. ಆಗ ಆಟೊಥ್ರಾಟಲ್ ‘ಹೋಲ್ಡ್’ಗೆ ಹೋಯಿತು, ‘ಹೋಲ್ಡ್’ ಎಂದರೆ ಲಿವರ್ ಇಟ್ಟಲ್ಲೇ ಇರುತ್ತದೆ, ವೇಗ ಇಳಿದರೂ ಅದು ಏಳುವುದಿಲ್ಲ. 137 ನಾಟ್ ಇರಬೇಕಿದ್ದ ವೇಗ 103ಕ್ಕೆ ಬಂತು.

ಮೂರನೆಯದು ಸ್ಕಿಪೋಲ್‌ನದು. ಆ ವಿಮಾನ 2,000 ಅಡಿಯಲ್ಲಿದ್ದು, ರನ್‌ವೇಯಿಂದ ಸುಮಾರು 5.5 ಮೈಲಿಯಲ್ಲಿ ಲೋಕಲೈಜರ್ ಹಿಡಿಯಿತು. ಅಷ್ಟು ಹತ್ತಿರದಲ್ಲಿ ಗ್ಲೈಡ್ ಸ್ಲೋಪ್ ಆಗಲೇ ಕೆಳಗಿತ್ತು. ಅದೇ ಹೊತ್ತಿಗೆ ಎಡಗಡೆಯ ರೇಡಿಯೊ ಆಲ್ಟಿಮೀಟರ್ ಮೈನಸ್ 8 ಅಡಿ ತೋರಿಸುತ್ತಿತ್ತು. 737ರಲ್ಲಿ ಆಟೊಥ್ರಾಟಲ್ ಕೇಳುವುದು ಎಡಗಡೆಯದನ್ನು. ನೆಲ ಬಂತೆಂದು ತಿಳಿದು ಅದು ‘ರಿಟಾರ್ಡ್’ಗೆ ಹೋಗಿ ಎಂಜಿನ್ ಐಡಲ್ ಮಾಡಿತು. ಹಾರಿಸುತ್ತಿದ್ದ ಆಟೊಪೈಲಟ್ ಬಲಗಡೆಯದು, ಅದರ ಆಲ್ಟಿಮೀಟರ್ ಸರಿಯಿತ್ತು, ಅದು ಗ್ಲೈಡ್ ಸ್ಲೋಪ್ ಹಿಂಬಾಲಿಸುತ್ತಲೇ ಹೋಯಿತು. ಜೋಡಿ ಮುರಿದದ್ದು ಹೀಗೆ. ಮೇಲಿನಿಂದ ಇಳಿಯುವಾಗ ಎಂಜಿನ್ ಐಡಲ್‌ನಲ್ಲಿರುವುದು ಸಹಜವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಎಫ್‌ಎಂಎಯಲ್ಲಿ ‘ರಿಟಾರ್ಡ್’ ಎಂದು ಬರೆದಿತ್ತು. ಇನ್ನೂ ಎತ್ತರದಲ್ಲಿರುವಾಗಲೇ ಲ್ಯಾಂಡಿಂಗ್ ಗೇರ್ ಎಚ್ಚರಿಕೆ ಮತ್ತೆ ಮತ್ತೆ ಕೂಗಿತ್ತು. 144 ನಾಟ್‌ಗೆ ಹೊಂದಿಸಿದ ವೇಗ ಇಳಿಯುತ್ತಾ ಹೋಗಿ 460 ಅಡಿಯಲ್ಲಿ ಸ್ಟಿಕ್ ಶೇಕರ್ ಬಂತು. ಕೋ-ಪೈಲಟ್ ಥ್ರಾಟಲ್ ಮುಂದೆ ತಳ್ಳಿದರು, ಆದರೆ ಆಟೊಥ್ರಾಟಲ್ ಬಿಡಿಸಿರಲಿಲ್ಲ. ಅದು ಲಿವರ್‌ಗಳನ್ನು ಮತ್ತೆ ಐಡಲ್‌ಗೆ ಎಳೆದುಕೊಂಡಿತು.

ಇದರಿಂದ ಕೈಗೆ ಕಲಿಸಬೇಕಾದದ್ದು ಒಂದು: ಥ್ರಾಟಲ್ ತಳ್ಳುವಾಗ ಬಿಡಿಸುವ ಗುಂಡಿಯನ್ನೂ ಒತ್ತಿ, ಲಿವರ್ ಮೇಲಿಂದ ಕೈ ತೆಗೆಯಬೇಡಿ. ಮತ್ತೊಂದು, ಮೇಲಿನಿಂದ ಗ್ಲೈಡ್ ಸ್ಲೋಪ್ ಹಿಡಿದ ಕ್ಷಣದಲ್ಲಿ “ಸ್ಪೀಡ್, ಗ್ಲೈಡ್ ಸ್ಲೋಪ್, ಲೋಕಲೈಜರ್” ಎಂದು ಓದಿ, ಐಡಲ್‌ನಲ್ಲಿದ್ದ ಎಂಜಿನ್ ನಿಜಕ್ಕೂ ಏಳುತ್ತಿದೆಯೇ ಎಂದು ಎನ್1 (ಎಂಜಿನ್ ಫ್ಯಾನ್ ವೇಗದ) ಸೂಜಿ ನೋಡಿ. ಬೇಕಾದ ವೇಗ ಬಂದ ಮೇಲೂ ಅದು ಏಳದಿದ್ದರೆ ಕಾಯಬೇಡಿ.

1,000 ಅಡಿಗೆ ಗ್ಲೈಡ್ ಸ್ಲೋಪ್ ಸಿಗದಿದ್ದರೆ ಗೋ-ಅರೌಂಡ್. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಐಎಲ್‌ಎಸ್ ದಾರಿಯಲ್ಲಿ ಇರಬೇಕಾದದ್ದರ ಸುಮಾರು ಎರಡರಷ್ಟು ಎತ್ತರದಲ್ಲಿ ಬಂದಿತ್ತು. ಕಡಿದಾಗಿ ಇಳಿಸಿದರು. ಕೋ-ಪೈಲಟ್ ಮೂರು ಬಾರಿ ಗೋ-ಅರೌಂಡ್ ಎಂದರು. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ವಿಮಾನ ನೆಲ ಮುಟ್ಟಿತು. 158 ಜನ ಸತ್ತರು, ಎಂಟು ಮಂದಿ ಉಳಿದರು. ‘ಗೋ-ಅರೌಂಡ್’ ಎಂದು ಯಾರೇ ಹೇಳಲಿ, ಹಾರಿಸುತ್ತಿರುವವರು ವಾದಿಸದೆ ಮಾಡಬೇಕು. ಇಲ್ಲಿ ಹಿರಿಯ-ಕಿರಿಯ ಎಂಬ ಮಾತಿಗೆ ಎಡೆಯಿಲ್ಲ.

1,000 ಅಡಿಯಿಂದ ಕೆಳಗೆ

ಮೋಡದೊಳಗಿದ್ದರೆ 1,000 ಅಡಿಗೆ, ಹೊರಗೆ ಕಾಣುತ್ತಿದ್ದರೆ 500 ಅಡಿಗೆ ಎಲ್ಲವೂ ಸ್ಥಿರವಾಗಿರಬೇಕು: ಚಕ್ರ, ಫ್ಲ್ಯಾಪ್ ಇಳಿದಿರಬೇಕು, ವೇಗ ವಿ-ರೆಫ್‌ಗಿಂತ (ಇಳಿಯಲು ನಿಗದಿಯಾದ ವೇಗ) ಕಡಿಮೆಯಿರಬಾರದು, ಅದರ ಮೇಲೆ 20 ನಾಟ್‌ಗಿಂತ ಹೆಚ್ಚೂ ಇರಬಾರದು, ಇಳಿವಿನ ದರ 1,000 ಅಡಿ ಮೀರಬಾರದು, ಎರಡೂ ಸೂಜಿ ಒಂದು ಚುಕ್ಕಿಯೊಳಗಿರಬೇಕು. ಈ ಪಟ್ಟಿಗೆ ಇನ್ನೊಂದನ್ನು ನೀವೇ ಸೇರಿಸಿಕೊಳ್ಳಿ: ಎಂಜಿನ್ ಬಲ ಐಡಲ್‌ಗಿಂತ ಹೆಚ್ಚಿರಬೇಕು.

ಆಟೊಪೈಲಟ್ ತೆಗೆದು ಕೈಯಲ್ಲಿ ಹಾರಿಸುವಾಗ ಫ್ಲೈಟ್ ಡೈರೆಕ್ಟರ್ (ವಿಮಾನವನ್ನು ಎತ್ತ ತಿರುಗಿಸಬೇಕೆಂದು ತೆರೆಯ ಮೇಲೆ ತೋರಿಸುವ ಗುರುತು) ವಿಷಯದಲ್ಲಿ ಹುಷಾರು. ಬೆಂಗಳೂರಿನ 605 ವಿಷುಯಲ್ ಅಪ್ರೋಚ್‌ನಲ್ಲಿತ್ತು, ಓಪನ್ ಡಿಸೆಂಟ್ ಮೋಡ್‌ಗೆ ಹೋಗಿತ್ತು. ನಿಮಿಷಕ್ಕೆ 700 ಅಡಿ ಇಳಿವಿನ ದರ ಹಾಕಲು ಹೋಗಿ ಪಕ್ಕದ ಗುಂಡಿಯಲ್ಲಿ 700 ಅಡಿ ಎತ್ತರ ಹಾಕಿರಬಹುದು ಎಂಬುದು ತನಿಖೆಯಲ್ಲಿ ಬಂದ ಸಾಧ್ಯತೆ. ಎಚ್‌ಎಎಲ್ ನಿಲ್ದಾಣವೇ ಸಮುದ್ರಮಟ್ಟದಿಂದ 2,900 ಅಡಿ ಮೇಲಿದೆ. 700 ಅಡಿ ಎಂಬ ಗುರಿ ನೆಲದೊಳಗಿದ್ದದ್ದರಿಂದ, ಹಿಡಿದು ಸ್ಪೀಡ್ ಮೋಡ್‌ಗೆ ಬದಲಾಗುವ ಎತ್ತರವೇ ವಿಮಾನಕ್ಕೆ ಸಿಗುವಂತಿರಲಿಲ್ಲ. ಎ320ಯಲ್ಲಿ ಆಟೊಪೈಲಟ್ ಇಲ್ಲದೆ ಎರಡೂ ಫ್ಲೈಟ್ ಡೈರೆಕ್ಟರ್ ಆರಿಸಿದರೆ ಆಟೊಥ್ರಸ್ಟ್ ತಾನಾಗಿ ಸ್ಪೀಡ್ ಮೋಡ್‌ಗೆ ಬರುತ್ತದೆ. ಅಂದು ಒಂದನ್ನು ಆರಿಸಿದ್ದರು, ಇನ್ನೊಂದು ಉರಿಯುತ್ತಿತ್ತು. 132 ನಾಟ್ ಇರಬೇಕಿದ್ದ ವೇಗ 106ಕ್ಕೆ ಇಳಿಯಿತು. ಇಪ್ಪತ್ಮೂರು ವರ್ಷದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಒಂದು ಫ್ಲೈಟ್ ಡೈರೆಕ್ಟರ್ ಆರಿತ್ತು, ಒಂದು ಉರಿಯುತ್ತಿತ್ತು. ಎರಡೂ ಒಟ್ಟಿಗೆ ಆರಿದ್ದರೆ ಅಲ್ಲೂ ಆಟೊಥ್ರಾಟಲ್ ಎಚ್ಚೆತ್ತುಕೊಳ್ಳುತ್ತಿತ್ತು. ಆದ್ದರಿಂದ ಎರಡನ್ನೂ ಇಡಿ, ಇಲ್ಲವೇ ಎರಡನ್ನೂ ಆರಿಸಿ. ಆಮೇಲೆ ಎಫ್‌ಎಂಎಯಲ್ಲಿ ‘ಸ್ಪೀಡ್’ ಬಂತೇ ಎಂದು ಓದಿ.

ಬಿಸಿಲಿನ ದಿನ ಅಭ್ಯಾಸಕ್ಕೆಂದು ಆಟೊಲ್ಯಾಂಡ್ ಮಾಡುವವರಿಗೆ ಒಂದು ಮಾತು. ಮಂಜಿನ ಹೊತ್ತಿನಲ್ಲಿ ಕಂಟ್ರೋಲರ್‌ಗಳು ಲೋಕಲೈಜರ್ ಆಂಟೆನಾದ ಮುಂದಿನ ಜಾಗ ಖಾಲಿ ಇಡುತ್ತಾರೆ. ಬಿಸಿಲಿನಲ್ಲಿ ಇಡುವುದಿಲ್ಲ. 2011ರ ನವೆಂಬರ್ 3ರಂದು ಮ್ಯೂನಿಕ್‌ನಲ್ಲಿ ಟೇಕಾಫ್ ಆಗುತ್ತಿದ್ದ ವಿಮಾನದಿಂದ ಲೋಕಲೈಜರ್ ಸಂಕೇತ ಕದಡಿ, ಆಟೊಲ್ಯಾಂಡ್ ಮಾಡುತ್ತಿದ್ದ ಸಿಂಗಾಪುರ್ ಏರ್‌ಲೈನ್ಸ್ 777 ರನ್‌ವೇ ಬಿಟ್ಟು ಹುಲ್ಲಿಗೆ ಹೋಯಿತು. ಟವರ್‌ಗೆ ಮೊದಲೇ ಹೇಳಿ, ಕೈ ಕಂಟ್ರೋಲ್ ಮೇಲೇ ಇರಲಿ.

ಗೋ-ಅರೌಂಡ್ ಮಾಡುವಾಗ

ಎ320ಯಲ್ಲಿ ಗೋ-ಅರೌಂಡ್ ಮೋಡ್ ಬರುವುದು ಲಿವರ್ ಟೋಗಾ (ಪೂರ್ಣ ಬಲದ) ಸ್ಥಾನಕ್ಕೆ ಬಿದ್ದಾಗ ಮಾತ್ರ. ಒಂದು ಸ್ಥಾನ ಹಿಂದೆ ನಿಂತರೆ ಎಂಜಿನ್ ಗರ್ಜಿಸುತ್ತದೆ, ವಿಮಾನ ಮಾತ್ರ ಗ್ಲೈಡ್ ಸ್ಲೋಪ್ ಮೇಲೇ ಇಳಿಯುತ್ತಲೇ ಇರುತ್ತದೆ. 2007ರ ಜುಲೈ 21ರಂದು ಮೆಲ್ಬರ್ನ್‌ನಲ್ಲಿ ಮಂಜಿನೊಳಗೆ ಒಂದು ಎ320 ಹೀಗೇ ರನ್‌ವೇಯಿಂದ 38 ಅಡಿವರೆಗೆ ಇಳಿದುಬಿಟ್ಟಿತು. ಲಿವರ್ ತಳ್ಳಿದ ಮೇಲೆ ಎಫ್‌ಎಂಎ ಓದುವ ಹಂತ ಅವರ ಕಾರ್ಯವಿಧಾನದಲ್ಲಿ ಹಿಂದಕ್ಕೆ ಹೋಗಿತ್ತು. ಲಿವರ್ ಕೊನೆವರೆಗೆ ತಳ್ಳಿ, ‘ಮ್ಯಾನ್ ಟೋಗಾ, ಎಸ್‌ಆರ್‌ಎಸ್’ (ಪೂರ್ಣ ಬಲ, ಏರುವ ಮೋಡ್) ಎಂದು ಓದಿ, ಮೂತಿ ಏಳುತ್ತಿದೆಯೇ ನೋಡಿ. ಫ್ಲ್ಯಾಪ್ ಒಂದು ಹಂತ, ಏರಿಕೆ ಕಂಡ ಮೇಲೆ ಚಕ್ರ.

737ರಲ್ಲಿ ಒಂದೇ ಆಟೊಪೈಲಟ್ ಹಾಕಿದ್ದರೆ ಟೋಗಾ ಒತ್ತಿದೊಡನೆ ಅದು ಬಿಟ್ಟುಹೋಗುತ್ತದೆ, ಕೈಯಲ್ಲೇ ಹಾರಿಸಬೇಕು. ಚಕ್ರ ನೆಲ ಮುಟ್ಟಿದ ಮೇಲೆ ಗೋ-ಅರೌಂಡ್ ಮಾಡುವುದಾದರೆ ಗುಂಡಿಯನ್ನು ನಂಬಲೇಬೇಡಿ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ದುಬೈಗೆ ಬಂದ ಎಮಿರೇಟ್ಸ್ 521ರಲ್ಲಿ ಟೋಗಾ ಒತ್ತಿದರು. 777 ನೆಲದ ಮೇಲಿರುವಾಗ ಆ ಗುಂಡಿ ಕೆಲಸ ಮಾಡುವುದಿಲ್ಲ. ಎಂಜಿನ್ ಐಡಲ್‌ನಲ್ಲೇ ಇತ್ತು, ಚಕ್ರ ಮಡಚಿಕೊಂಡಿತು. ವಿಮಾನದಲ್ಲಿದ್ದ 300 ಜನರೂ ಬದುಕಿದರು, ಬೆಂಕಿ ಆರಿಸಲು ಬಂದ ಸಿಬ್ಬಂದಿಯೊಬ್ಬರು ಸತ್ತರು. ಲಿವರನ್ನು ಕೈಯಿಂದಲೇ ತಳ್ಳಿ.

ಬೇಡದ ಗೋ-ಅರೌಂಡ್ ಬಂದರೆ? 1994ರ ಏಪ್ರಿಲ್ 26ರಂದು ನಗೋಯಾದಲ್ಲಿ ಚೈನಾ ಏರ್‌ಲೈನ್ಸ್ 140ರ ಕೋ-ಪೈಲಟ್ ಕೈ ತಾಗಿ ಗೋ-ಅರೌಂಡ್ ಲಿವರ್ ಒತ್ತಿತು. ಆಮೇಲೆ ಆಟೊಪೈಲಟ್ ಹಾಕಲಾಯಿತು. ಪೈಲಟ್ ಇಳಿಯಲು ಯೋಕ್ ಮುಂದೆ ತಳ್ಳುತ್ತಿದ್ದರು, ಆಟೊಪೈಲಟ್ ಏರಲು ಹಿಂದಿನ ಸ್ಟೆಬಿಲೈಜರ್ ಅನ್ನು ಮೂತಿ ಎತ್ತುವ ಕಡೆಗೆ ತಿರುಗಿಸುತ್ತಾ ಹೋಯಿತು. ಕೊನೆಗೆ ವಿಮಾನ ಕಡಿದಾಗಿ ಎದ್ದು ಸ್ಟಾಲ್ ಆಗಿ 264 ಜನ ಸತ್ತರು. ಆಟೊಪೈಲಟ್ ಜೊತೆ ಬಲಪ್ರಯೋಗ ಬೇಡ. ಅದು ನಿಮ್ಮ ಮಾತು ಕೇಳುತ್ತಿಲ್ಲ ಎನಿಸಿದರೆ ಕೆಂಪು ಗುಂಡಿ ಒತ್ತಿ ಬಿಡಿಸಿ, ಟ್ರಿಮ್ ನೋಡಿ. ಎತ್ತರ ಕಡಿಮೆಯಿದ್ದರೆ ಬಂದ ಗೋ-ಅರೌಂಡನ್ನೇ ಪೂರ್ತಿ ಮಾಡಿ.

ಸಿಮ್ಯುಲೇಟರ್‌ನಲ್ಲಿ ಕೈ ಪಳಗಿಸಲು

ಬೆಂಗಳೂರಿನ ರನ್‌ವೇ ಇಟ್ಟುಕೊಂಡು 8 ಮೈಲಿಯಲ್ಲಿ, ಗ್ಲೈಡ್ ಸ್ಲೋಪ್‌ಗಿಂತ 800 ಅಡಿ ಮೇಲೆ, 180 ನಾಟ್‌ನಲ್ಲಿ ಶುರು ಮಾಡಿ, ಮೇಲೆ ಹೇಳಿದ ಕ್ರಮದಲ್ಲಿ ಹಿಡಿಯಿರಿ. ಅದನ್ನೇ ಓಪನ್ ಡಿಸೆಂಟ್‌ನಲ್ಲಿ, ಎಫ್‌ಸಿಯು ಎತ್ತರ ಕೆಳಗಿಟ್ಟು ಮಾಡಿ, ಏನು ಕೆಡುತ್ತದೆ ಕಣ್ಣಾರೆ ನೋಡಿ. ಆಮೇಲೆ ಬೋಧಕರಿಗೆ ಹೇಳಿ ಎಡ ರೇಡಿಯೊ ಆಲ್ಟಿಮೀಟರ್ ಕೆಡಿಸಿಸಿ. ಯಾವಾಗ ಎಂದು ಅವರು ನಿಮಗೆ ಮೊದಲೇ ತಿಳಿಸಬಾರದು. ಕಡೆಗೆ ಆಟೊಥ್ರಸ್ಟ್ ಪೂರ್ತಿ ತೆಗೆದು, 3 ಡಿಗ್ರಿ ದಾರಿಯಲ್ಲಿ ಫ್ಲ್ಯಾಪ್ ಪೂರ್ತಿ ಇಳಿಸಿ ವೇಗ ನಿಂತಾಗ ಎನ್1 ಎಷ್ಟು ತೋರಿಸುತ್ತದೆ ಎಂದು ಬರೆದಿಟ್ಟುಕೊಳ್ಳಿ, ಹಗುರ ತೂಕಕ್ಕೊಂದು, ಭಾರಕ್ಕೊಂದು. ನಿಜವಾದ ಅಪ್ರೋಚ್‌ನಲ್ಲಿ ಸೂಜಿ ಆ ಸಂಖ್ಯೆಯ ಆಸುಪಾಸಿನಲ್ಲಿ ಇಲ್ಲದಿದ್ದರೆ, ಮೊದಲು ವೇಗದ ಪಟ್ಟಿ ನೋಡಿ, ಆಮೇಲೆ ಎಫ್‌ಎಂಎಯ ಮೊದಲ ಕಾಲಂ ಓದಿ.